ವಿಯೆಟ್ನಾಂ ಮನೆಯಲ್ಲಿ ಹೊಸ ವರ್ಷ: ತೆತ್ ಹಬ್ಬಕ್ಕೆ ಕರೆ ಬಂದರೆ ಏನೇನು ತಿಳಿದಿರಬೇಕು?

ವಿಯೆಟ್ನಾಮಿನವರು ಯಾರಾದರೂ ತೆತ್ ಹಬ್ಬಕ್ಕೆ ಮನೆಗೆ ಕರೆದರೆ, ಹೂಂ ಅನ್ನುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಯಾವ ದಿನ ಬರಲಿ, ಎಷ್ಟು ಗಂಟೆಗೆ ಬರಲಿ?

ನಾನು ಕೇಳಿರಲಿಲ್ಲ. ಕೆಲಸದ ಮೇಲೆ ಹನೋಯಿಯಲ್ಲಿದ್ದ ಮೊದಲ ವರ್ಷ ಅದು. ಹಬ್ಬದ ದಿನ ಬೆಳಿಗ್ಗೆ ಏಳೂವರೆಗೇ ಮೈಸೂರು ಪಾಕಿನ ಡಬ್ಬ ಹಿಡಿದು ಕೆಳಗಿನ ಮನೆಯ ಅಜ್ಜಿಯ ಬಾಗಿಲು ತಟ್ಟಿದೆ. ಅಜ್ಜಿ ಬಾಗಿಲನ್ನು ಅರ್ಧ ಮಾತ್ರ ತೆಗೆದರು. ನಕ್ಕರು, ನನ್ನ ಕೈ ಹಿಡಿದುಕೊಂಡರು, ಆದರೆ ಹೊಸ್ತಿಲು ದಾಟಲು ಬಿಡಲಿಲ್ಲ. "ಸ್ವಲ್ಪ ಹೊತ್ತು ಬಿಟ್ಟು ಬಾ ಮಗಾ, ಮೊದಲು ಒಬ್ಬರು ಬರೋದಿದೆ" ಅಂದರು. ಹತ್ತು ಗಂಟೆಗೆ ಮೊಮ್ಮಗನನ್ನು ಕಳಿಸಿ ಅವರೇ ಕರೆಸಿಕೊಂಡರು. ಆಮೇಲೆ ಗೊತ್ತಾಯಿತು, ಹೊಸ ವರ್ಷದಲ್ಲಿ ಮನೆಯೊಳಗೆ ಮೊದಲು ಕಾಲಿಡುವವರು ಯಾರು ಅನ್ನುವುದು ಅಲ್ಲಿ ತುಂಬಾ ದೊಡ್ಡ ವಿಷಯ. ಅದನ್ನು ವಾರ ಮುಂಚೆಯೇ ಗೊತ್ತು ಮಾಡಿರುತ್ತಾರೆ.

ಮುಂದಿನ ಎರಡು ಹಬ್ಬಗಳನ್ನು ನಾನು ಅದೇ ಅಜ್ಜಿಯ ಜೊತೆ ಕಳೆದೆ. ಇಲ್ಲಿ ಬರೆದಿರುವುದರಲ್ಲಿ ಬಹಳಷ್ಟು ಅವರ ಅಡುಗೆಮನೆಯಲ್ಲಿ ಕುಳಿತು ಕಲಿತದ್ದು. ಕೆಲಸಕ್ಕೋ ಓದಿಗೋ ವಿಯೆಟ್ನಾಂಗೆ ಹೋಗಿರುವವರಿಗೆ, ಆಫೀಸಿನಲ್ಲಿ ವಿಯೆಟ್ನಾಂ ಗೆಳೆಯರಿರುವವರಿಗೆ, ಆ ಮನೆತನಕ್ಕೆ ಸೊಸೆಯಾಗಿಯೋ ಅಳಿಯನಾಗಿಯೋ ಹೋಗಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಶುರುವಿನಲ್ಲೇ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ತೆತ್ ಹಬ್ಬದ ಮುಖ್ಯ ಅತಿಥಿಗಳು ನಾವಲ್ಲ, ತೀರಿಹೋದ ಹಿರಿಯರು. ಅಜ್ಜ, ಮುತ್ತಜ್ಜ, ಅವರ ಅಪ್ಪ ಅಮ್ಮ ಎಲ್ಲರೂ ಆ ಮೂರು ದಿನ ಮನೆಗೆ ಬಂದಿರುತ್ತಾರೆ ಅನ್ನುವ ನಂಬಿಕೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ, ಹೊಸ ವರ್ಷವನ್ನು ಬೇರೆಯಾಗಿ ಯುಗಾದಿಗೆ ಮಾಡುತ್ತೇವೆ. ಅವರಲ್ಲಿ ಎರಡೂ ಒಂದೇ ದಿನ. ಮನೆ ತೊಳೆಯುವುದು, ಹಣ್ಣು ಜೋಡಿಸುವುದು, ಜಗಳ ಆಡದೇ ಇರುವುದು, ಕಸ ಗುಡಿಸದೇ ಇರುವುದು, ಈ ಎಲ್ಲದರ ಹಿಂದೆ "ಮನೆಯಲ್ಲಿ ದೊಡ್ಡವರು ಬಂದಿದ್ದಾರೆ" ಅನ್ನುವ ಎಚ್ಚರ ಇರುತ್ತದೆ. ಇದು ಗೊತ್ತಿದ್ದರೆ ಉಳಿದ ಪದ್ಧತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಹಬ್ಬ ಯಾವತ್ತು?

ಅವರದ್ದೂ ಅಮಾವಾಸ್ಯೆಯ ಲೆಕ್ಕವೇ. ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬರುತ್ತದೆ, ನಮ್ಮ ಯುಗಾದಿಗಿಂತ ಒಂದು ಇಲ್ಲವೇ ಎರಡು ತಿಂಗಳು ಮುಂಚೆ. 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6, 2028ರಲ್ಲಿ ಜನವರಿ 26. ಅಮಾವಾಸ್ಯೆಯ ಸುತ್ತಲೇ ಬರುವುದರಿಂದ ಹಬ್ಬದ ಹಿಂದಿನ ರಾತ್ರಿ ಆಕಾಶದಲ್ಲಿ ಚಂದ್ರ ಇರುವುದಿಲ್ಲ. "ಮೂವತ್ತರ ರಾತ್ರಿಯಷ್ಟು ಕತ್ತಲು", ಅಂದರೆ ತಿಂಗಳ ಕೊನೆಯ ರಾತ್ರಿಯಷ್ಟು ಕತ್ತಲು, ಅನ್ನುವ ಗಾದೆಯೇ ಅವರಲ್ಲಿದೆ.

ಚೀನೀಯರ ಹಾಗೆ ಇವರಿಗೂ ವರ್ಷಕ್ಕೊಂದು ಪ್ರಾಣಿ, ಒಟ್ಟು ಹನ್ನೆರಡು. ಆದರೆ ಚೀನೀಯರ ಮೊಲದ ಜಾಗದಲ್ಲಿ ಇವರಿಗೆ ಬೆಕ್ಕು, ಎತ್ತಿನ ಜಾಗದಲ್ಲಿ ಎಮ್ಮೆ. 2023 ವಿಯೆಟ್ನಾಂನಲ್ಲಿ ಬೆಕ್ಕಿನ ವರ್ಷ ಆಗಿತ್ತು. 2026 ಕುದುರೆ, 2027 ಮೇಕೆ. ಗ್ರೀಟಿಂಗ್ ಕಾರ್ಡ್ ತರುವಾಗ ಇದನ್ನು ನೋಡಿಕೊಳ್ಳಿ. ಅಂಗಡಿಯಲ್ಲಿ ಸಿಕ್ಕಿದ "ಚೀನೀ ಹೊಸ ವರ್ಷ"ದ ಕಾರ್ಡ್ ಕೊಡಬೇಡಿ. ಅದು ಅವರಿಗೆ ಬೇಜಾರಾಗುವ ಮಾತು.

ಸರ್ಕಾರಿ ರಜೆ ಐದು ದಿನ. ಶನಿವಾರ, ಭಾನುವಾರ ಸೇರಿದರೆ ವಾರ ದಾಟುತ್ತದೆ. ರೈಲು, ಬಸ್ಸು, ವಿಮಾನ ಎಲ್ಲವೂ ತುಂಬಿರುತ್ತವೆ. ಮೊದಲ ದಿನ ಅಂಗಡಿಗಳಿಗೆ ಬೀಗ. ನೀವು ಅಲ್ಲೇ ಇರುವವರಾದರೆ ಮೂರು ನಾಲ್ಕು ದಿನಕ್ಕೆ ಬೇಕಾಗುವ ತರಕಾರಿ, ಹಾಲು, ಔಷಧಿ ಮುಂಚೆಯೇ ತಂದಿಟ್ಟುಕೊಳ್ಳಿ.

ಹಬ್ಬದ ದಿನ ಸೇರಲು ಆಗದಿದ್ದರೆ ಮುಂಚೆಯೇ ಮಾಡಿ ಮುಗಿಸಿದರೂ ತಪ್ಪಿಲ್ಲ. 1789ರಲ್ಲಿ ಕ್ವಾಂಗ್ ಚುಂಗ್ ದೊರೆ ದಂಡಯಾತ್ರೆಗೆ ಹೊರಟಾಗ ಸೈನಿಕರಿಗೆಲ್ಲ ಹಬ್ಬದೂಟವನ್ನು ಮುಂಚಿತವಾಗಿಯೇ ಹಾಕಿಸಿದ್ದ. ಹೊಸ ವರ್ಷದ ಐದನೇ ದಿನ ಚೀನಾದ ಸೈನ್ಯವನ್ನು ಸೋಲಿಸಿ ಇಂದಿನ ಹನೋಯಿಯೊಳಗೆ ಬಂದ. ಆಫೀಸುಗಳಲ್ಲಿ, ಹಾಸ್ಟೆಲುಗಳಲ್ಲಿ ಈಗಲೂ ವರ್ಷದ ಕೊನೆಯ ಊಟವನ್ನು ವಾರ ಹತ್ತು ದಿನ ಮುಂಚೆಯೇ ಮಾಡುತ್ತಾರೆ.

ಒಂದು ವಾರ ಮುಂಚೆ: ಒಲೆ ದೇವರನ್ನು ಕಳಿಸಿಕೊಡುವುದು

ತಯಾರಿ ಶುರುವಾಗುವುದು ವರ್ಷದ ಕೊನೆಯ ತಿಂಗಳ 23ನೇ ದಿನ. ಅವತ್ತು ಒಲೆಯ ದೇವರು ಓಂಗ್ ತಾವ್ ಆಕಾಶಕ್ಕೆ ಹೋಗಿ, ಮನೆಯಲ್ಲಿ ವರ್ಷವಿಡೀ ಏನು ನಡೆಯಿತು ಅಂತ ಸ್ವರ್ಗದ ದೊರೆಯಾದ ಜೇಡ್ ಚಕ್ರವರ್ತಿಗೆ ವರದಿ ಒಪ್ಪಿಸುತ್ತಾರೆ.

ಒಲೆ ದೇವರು ಒಬ್ಬರಲ್ಲ, ಮೂವರು: ಇಬ್ಬರು ಗಂಡಸರು, ಒಬ್ಬ ಹೆಂಗಸು. ಹಳೆಯ ಕಾಲದ ಒಲೆಯ ಮೂರು ಗುಂಡುಗಳೇ ಅವರು. ಕಥೆ ಹೀಗಿದೆ. ಗಂಡ ಬಿಟ್ಟುಹೋದ ಮೇಲೆ ಒಬ್ಬಳು ಇನ್ನೊಬ್ಬನನ್ನು ಮದುವೆಯಾದಳು. ಎಷ್ಟೋ ವರ್ಷದ ಮೇಲೆ ಮೊದಲ ಗಂಡ ಭಿಕ್ಷೆ ಬೇಡುತ್ತಾ ಅವಳದೇ ಬಾಗಿಲಿಗೆ ಬಂದ. ಕರುಣೆಯಿಂದ ಊಟ ಹಾಕಿದಳು. ಅಷ್ಟರಲ್ಲಿ ಎರಡನೇ ಗಂಡ ಬಂದದ್ದು ಕಂಡು ಅವನನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಳು. ಗದ್ದೆಗೆ ಬೂದಿ ಬೇಕು ಅಂತ ಎರಡನೇ ಗಂಡ ಅದೇ ಬಣವೆಗೆ ಬೆಂಕಿ ಹಚ್ಚಿದ. ಒಳಗಿದ್ದವನು ಅವಳ ಮಾನಕ್ಕೆ ಹೆದರಿ ಉಸಿರೆತ್ತಲಿಲ್ಲ. ಅವಳು ಬೆಂಕಿಗೆ ಹಾರಿದಳು, ಅವಳ ಹಿಂದೆ ಎರಡನೆಯವನೂ ಹಾರಿದ. ಮೂವರನ್ನೂ ಒಂದೇ ಒಲೆಯಲ್ಲಿ ದೇವರಾಗಿ ಕೂರಿಸಿದರು. ಈ ಕಥೆಯನ್ನು ಅಜ್ಜಿ ಗ್ಯಾಸ್ ಒಲೆ ಒರೆಸುತ್ತಾ ಹೇಳುತ್ತಿದ್ದರು.

ಮನೆಯಲ್ಲಿ ಮಾಡುವುದು ಇಷ್ಟು. ಒಲೆ ಮತ್ತು ಅಡುಗೆಮನೆ ಚೆನ್ನಾಗಿ ತೊಳೆಯಬೇಕು. ಎಡೆಗೆ ಅನ್ನ ಅಥವಾ ಅಂಟಕ್ಕಿಯ ಬುತ್ತಿ, ಹಣ್ಣು, ಹೂವು, ಚಹಾ ಇಡಬೇಕು. ಕಾಗದದಲ್ಲಿ ಮಾಡಿದ ಮೂರು ಟೋಪಿಗಳು ಮಾರ್ಕೆಟ್ಟಿನಲ್ಲಿ ಸಿಗುತ್ತವೆ, ಅವನ್ನು ಪೂಜೆಯ ನಂತರ ಸುಡುತ್ತಾರೆ. ದೇವರ ವಾಹನ ಕಾರ್ಪ್ ಮೀನು. ಉತ್ತರದ ಕಡೆ ಬಕೆಟ್ಟಿನಲ್ಲಿ ಮೂರು ಜೀವಂತ ಮೀನು ಇಟ್ಟು, ಪೂಜೆ ಮುಗಿದ ಮೇಲೆ ಕೆರೆಗೋ ಹೊಳೆಗೋ ಬಿಡುತ್ತಾರೆ. ನಿಮ್ಮ ಕೈಗೆ ಮೀನು ಕೊಟ್ಟರೆ ಸೇತುವೆ ಮೇಲಿಂದ ಎಸೆಯಬೇಡಿ. ನೀರಿನ ಅಂಚಿಗೆ ಇಳಿದು ಮೆಲ್ಲಗೆ ಬಿಡಿ, ಪ್ಲಾಸ್ಟಿಕ್ ಚೀಲ ವಾಪಸ್ ತನ್ನಿ. ಹನೋಯಿಯ ಲಾಂಗ್ ಬಿಯನ್ ಸೇತುವೆಯ ಮೇಲೆ ಅವತ್ತು ಹುಡುಗ ಹುಡುಗಿಯರು "ಮೀನು ಬಿಡಿ, ಚೀಲ ಬಿಡಬೇಡಿ" ಅಂತ ಬೋರ್ಡ್ ಹಿಡಿದು ನಿಂತಿರುತ್ತಾರೆ.

ಮನೆ, ಹೂವು, ಹಣ್ಣು

ಆ ವಾರ ಮನೆಯನ್ನು ಅಟ್ಟದಿಂದ ಅಂಗಳದವರೆಗೆ ತೊಳೆಯುತ್ತಾರೆ. ಸಾಲ ತೀರಿಸುತ್ತಾರೆ, ತಂದದ್ದನ್ನು ವಾಪಸ್ ಕೊಡುತ್ತಾರೆ. ಊರಿಗೆ ಹೋಗಿ ಹಿರಿಯರ ಸಮಾಧಿ ಶುಚಿ ಮಾಡಿ, ಊದುಬತ್ತಿ ಹಚ್ಚಿ, "ಹಬ್ಬಕ್ಕೆ ಮನೆಗೆ ಬನ್ನಿ" ಅಂತ ಕರೆದು ಬರುತ್ತಾರೆ. ಮನೆಯ ಹಿರಿಯರ ಪೀಠವನ್ನು ಮಾತ್ರ ಮನೆಯ ಯಜಮಾನರೇ ಒರೆಸುತ್ತಾರೆ. ಸಹಾಯ ಮಾಡುವ ಉತ್ಸಾಹದಲ್ಲಿ ನೀವು ಅದಕ್ಕೆ ಕೈ ಹಾಕಬೇಡಿ. ಅದರಲ್ಲೂ ಊದುಬತ್ತಿ ಸಿಕ್ಕಿಸುವ ಬಟ್ಟಲನ್ನು ಅಲುಗಾಡಿಸಬಾರದು.

ಹೂವಿನ ವಿಷಯದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ವ್ಯತ್ಯಾಸ. ಹನೋಯಿ ಕಡೆ ಗುಲಾಬಿ ಬಣ್ಣದ ಪೀಚ್ ಹೂವಿನ ಕೊಂಬೆ, ಹೋ ಚಿ ಮಿನ್ ಸಿಟಿ ಕಡೆ ಹಳದಿ ಮಾಯ್ ಹೂವು. ಮಾಯ್ ಗಿಡದ ಎಲೆಗಳನ್ನು ಹಬ್ಬಕ್ಕೆ ಸುಮಾರು ಹದಿನೈದು ದಿನ ಇದೆ ಅನ್ನುವಾಗ ಒಂದೊಂದಾಗಿ ಕೈಯಿಂದ ಕಿತ್ತು ಹಾಕುತ್ತಾರೆ. ಆಗ ಸರಿಯಾಗಿ ಹಬ್ಬದ ದಿನಕ್ಕೆ ಹೂವು ಅರಳುತ್ತದೆ. ಛಳಿ ಜಾಸ್ತಿಯಾದರೆ ಮೊಗ್ಗು ತಡ, ಬಿಸಿಲು ಜಾಸ್ತಿಯಾದರೆ ಮುಂಚೆಯೇ ಅರಳಿ ಉದುರುತ್ತದೆ. ಬೆಳೆಗಾರರು ಆ ಹದಿನೈದು ದಿನ ಆಕಾಶ ನೋಡುತ್ತಲೇ ಇರುತ್ತಾರೆ. ಜೊತೆಗೆ ತುಂಬಾ ಕಾಯಿ ಬಿಟ್ಟ ಕಿತ್ತಳೆಯ ಜಾತಿಯ ಪುಟ್ಟ ಕುಂಡ ಒಂದು ಬಾಗಿಲ ಹತ್ತಿರ ಇರುತ್ತದೆ. ಹಣ್ಣು, ಹೂವು, ಚಿಗುರು ಎಲ್ಲಾ ಒಟ್ಟಿಗೇ ಇರುವ ಗಿಡವನ್ನೇ ಆರಿಸುತ್ತಾರೆ.

ಐದು ಹಣ್ಣಿನ ತಟ್ಟೆ ಕನ್ನಡದವರಿಗೆ ಬೇಗ ಹತ್ತಿರವಾಗುವ ವಿಷಯ. ಆದರೆ ಎಡವುವುದೂ ಇಲ್ಲೇ. ದಕ್ಷಿಣದಲ್ಲಿ ಸೀತಾಫಲದ ಜಾತಿಯ ಹಣ್ಣು, ಅತ್ತಿಕಾಯಿ ಗೊಂಚಲು, ತೆಂಗಿನಕಾಯಿ, ಪರಂಗಿ, ಮಾವು ಇಡುತ್ತಾರೆ. ಈ ಹೆಸರುಗಳನ್ನು ಅವರ ಭಾಷೆಯಲ್ಲಿ ಒಂದರ ಹಿಂದೆ ಒಂದು ಹೇಳಿದರೆ "ಖರ್ಚಿಗೆ ಸಾಕಾಗುವಷ್ಟು ತುಂಬಿ ಬರಲಿ ಅಂತ ಬೇಡುತ್ತೇವೆ" ಅನ್ನುವ ಹಾಗೆ ಕೇಳಿಸುತ್ತದೆ. ಸಾಕಾಗುವಷ್ಟು ಅನ್ನುತ್ತಾರೆ ನೋಡಿ, ಕೋಟಿ ಬೇಡುವುದಿಲ್ಲ. ನನಗೆ ತುಂಬಾ ಇಷ್ಟವಾದ ಮಾತು ಇದು. ಈ ಐದೂ ನಮ್ಮಲ್ಲೂ ಸಿಗುತ್ತವೆ, ಬೆಂಗಳೂರಿನಲ್ಲಿ ವಿಯೆಟ್ನಾಂ ಗೆಳೆಯರಿದ್ದರೆ ಒಂದು ತಟ್ಟೆ ಜೋಡಿಸಿಕೊಡಬಹುದು.

ಎಡವುವುದು ಬಾಳೆಹಣ್ಣಿನಲ್ಲಿ. ನಮಗೆ ಬಾಳೆಹಣ್ಣು ಇಲ್ಲದೆ ಪೂಜೆಯೇ ಇಲ್ಲ, ಅಲ್ವಾ? ಉತ್ತರ ವಿಯೆಟ್ನಾಂನಲ್ಲೂ ಹಾಗೇ. ಹಸಿರು ಬಾಳೆಯ ಚಿಪ್ಪನ್ನು ಅಂಗೈ ಹಿಡಿದ ಹಾಗೆ ಕೆಳಗಿಟ್ಟು, ಅದರ ಮೇಲೆ ಚಕ್ಕೋತ ಕೂರಿಸಿ ಉಳಿದ ಹಣ್ಣು ಜೋಡಿಸುತ್ತಾರೆ. ಆದರೆ ದಕ್ಷಿಣದವರು ಹಬ್ಬದ ತಟ್ಟೆಯಲ್ಲಿ ಬಾಳೆಹಣ್ಣು ಇಡುವುದಿಲ್ಲ. ಅವರ ಉಚ್ಚಾರದಲ್ಲಿ ಅದರ ಹೆಸರು "ಕೆಳಗೆ ಬೀಳು" ಅನ್ನುವ ಮಾತಿನ ಹಾಗೆ ಕೇಳಿಸುತ್ತದೆ. ಹಾಗಾಗಿ ಆ ಮನೆಯವರು ಯಾವ ಕಡೆಯವರು ಅಂತ ತಿಳಿದುಕೊಂಡೇ ಹಣ್ಣು ತೆಗೆದುಕೊಂಡು ಹೋಗಿ.

ಬಾನ್ ಚುಂಗ್ ಕಟ್ಟುವುದು

ಇದಕ್ಕೆ ಕರೆದರೆ ಬೇರೆಲ್ಲಾ ಕೆಲಸ ಬಿಟ್ಟು ಹೋಗಿ. ಬಾನ್ ಚುಂಗ್ ಅಂದರೆ ಅಂಟಕ್ಕಿ, ಹೆಸರುಬೇಳೆ, ಹಂದಿ ಮಾಂಸ ಸೇರಿಸಿ ಎಲೆಯಲ್ಲಿ ಚೌಕಾಕಾರವಾಗಿ ಕಟ್ಟಿ ಬೇಯಿಸುವ ಕಡುಬು. ದಕ್ಷಿಣದಲ್ಲಿ ಅದನ್ನೇ ಬಾಳೆ ಎಲೆಯಲ್ಲಿ ಉದ್ದನೆಯ ದಿಂಡಿನ ಹಾಗೆ ಕಟ್ಟುತ್ತಾರೆ, ಅದರ ಹೆಸರು ಬಾನ್ ತೆತ್. ನಮ್ಮ ಕೊಟ್ಟೆ ಕಡುಬು, ಮೂಡೆ ಗೊತ್ತಿರುವವರಿಗೆ ಕೈ ಬೇಗ ಕೂರುತ್ತದೆ.

ಪುರಾಣ ಕಾಲದ ಹಂಗ್ ದೊರೆಯ ಮಕ್ಕಳಲ್ಲಿ ಬಡವನಾಗಿದ್ದ ಲಾಂಗ್ ಲಿಯು ಇದನ್ನು ಮೊದಲು ಮಾಡಿದ ಅನ್ನುತ್ತಾರೆ. ಅಣ್ಣಂದಿರು ದೇಶವಿಡೀ ತಿರುಗಿ ಅಪರೂಪದ ತಿಂಡಿಗಳನ್ನು ತಂದರು. ಇವನು ತನ್ನ ಗದ್ದೆಯ ಅಕ್ಕಿಯಲ್ಲೇ ಭೂಮಿಯ ಹಾಗೆ ಚೌಕದ್ದು ಒಂದು, ಆಕಾಶದ ಹಾಗೆ ದುಂಡನೆಯದು ಒಂದು ಮಾಡಿ ಅಪ್ಪನ ಮುಂದಿಟ್ಟ. ರಾಜ್ಯ ಅವನಿಗೇ ಸಿಕ್ಕಿತು.

ಒಂದು ದೊಡ್ಡ ಕಡುಬಿಗೆ ಸುಮಾರು ಅರ್ಧ ಕೆ.ಜಿ. ಅಂಟಕ್ಕಿ, ಕಾಲು ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಹೆಸರುಬೇಳೆ ಬೇಕು. ಅಕ್ಕಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು ಉಪ್ಪು ಬೆರೆಸಬೇಕು. ಬೇಳೆಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಕುಟ್ಟಿ ಉಂಡೆ ಮಾಡಿಟ್ಟುಕೊಳ್ಳಬೇಕು. ಮಾಂಸಕ್ಕೆ ಕರಿಮೆಣಸು ಸವರಿಡುತ್ತಾರೆ, ಮೆಣಸಿನಲ್ಲಿ ಜಿಪುಣತನ ಬೇಡ. ತರಕಾರಿ ತಿನ್ನುವವರು ಬೇಳೆ ಉಂಡೆಗೇ ಉಪ್ಪು, ಮೆಣಸು, ಬೇಕಾದರೆ ಹುರಿದ ಅಣಬೆ ಸೇರಿಸಿದರೆ ಆಯಿತು. ಬೌದ್ಧ ಮನೆಗಳಲ್ಲಿ ಅದೂ ಮಾಡುತ್ತಾರೆ.

ಎಲೆ ಒರೆಸಿ, ನಾಲ್ಕು ಎಲೆಗಳನ್ನು ಮರದ ಚೌಕಟ್ಟಿನ ನಾಲ್ಕು ಮೂಲೆಗೆ ಮಡಚಿ ಕೂರಿಸಬೇಕು. ಹಸಿರು ಬಣ್ಣ ಗಾಢವಾಗಿರುವ ಮುಖ ಒಳಗಡೆ ಬರಬೇಕು, ಅಕ್ಕಿಗೆ ಬಣ್ಣ ಹತ್ತುವುದು ಅದರಿಂದಲೇ. ಮೊದಲು ಅಕ್ಕಿ, ಅದರ ಮೇಲೆ ಬೇಳೆ, ನಡುವೆ ಮಾಂಸ, ಮತ್ತೆ ಬೇಳೆ, ಮೇಲೆ ಅಕ್ಕಿ. ಮೂಲೆಗಳಿಗೆ ಬೆರಳಿನಿಂದ ಅಕ್ಕಿ ಒತ್ತಿ ತುಂಬಬೇಕು, ಇಲ್ಲದಿದ್ದರೆ ಚೌಕ ಬರುವುದಿಲ್ಲ. ಎಲೆ ಮಡಚಿ, ಚೌಕಟ್ಟು ತೆಗೆದು, ಬಿದಿರಿನ ತೆಳು ದಾರದಿಂದ ಕಟ್ಟಬೇಕು. ತೀರಾ ಬಿಗಿಯಾದರೆ ಅಕ್ಕಿ ಉಬ್ಬಲು ಜಾಗ ಇಲ್ಲದೆ ಗಟ್ಟಿಯಾಗುತ್ತದೆ, ಸಡಿಲವಾದರೆ ನೀರು ನುಗ್ಗುತ್ತದೆ. ನಾನು ಕಟ್ಟಿದ್ದನ್ನು ಅಜ್ಜಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡುತ್ತಿದ್ದರು. ಒಳಗೆ ಅಕ್ಕಿ ಸದ್ದು ಮಾಡಿದರೆ ಬಿಚ್ಚಿ ಮತ್ತೆ ಕಟ್ಟಿಸುತ್ತಿದ್ದರು.

ದೊಡ್ಡ ಹಂಡೆಯಲ್ಲಿ ಹತ್ತರಿಂದ ಹನ್ನೆರಡು ಗಂಟೆ ಬೇಯಬೇಕು. ಕಡುಬು ಸದಾ ನೀರಿನಲ್ಲಿ ಮುಳುಗಿರಬೇಕು. ನೀರು ಇಳಿದಾಗ ಕುದಿಯುವ ನೀರನ್ನೇ ಹಾಕಬೇಕು, ತಣ್ಣೀರು ಹಾಕಿದರೆ ಅಕ್ಕಿ ಅರ್ಧ ಬೆಂದು ನಿಲ್ಲುತ್ತದೆ. ರಾತ್ರಿಯಿಡೀ ಸರದಿಯ ಮೇಲೆ ಕಾಯುತ್ತಾರೆ. ಕೆಂಡದಲ್ಲಿ ಗೆಣಸು ಸುಡುತ್ತಾ, ಮಕ್ಕಳು ಚಾಪೆಯ ಮೇಲೆ ನಿದ್ದೆ ತಡೆದುಕೊಂಡು ಕೂತಿರುತ್ತಾರೆ. ಬೆಂದ ಮೇಲೆ ತಣ್ಣೀರಿನಲ್ಲಿ ತೊಳೆದು, ಹಲಗೆ ಮುಚ್ಚಿ, ಮೇಲೆ ಭಾರ ಹೇರಿ ಕೆಲವು ಗಂಟೆ ನೀರು ಇಳಿಸಬೇಕು.

ಕತ್ತರಿಸಲು ಚಾಕು ಬೇಡ. ಚಾಕುವಿಗೆ ಅಂಟಿಕೊಳ್ಳುತ್ತದೆ. ಎಲೆ ಬಿಡಿಸಿ, ಕಟ್ಟಿದ್ದ ಬಿದಿರು ದಾರವನ್ನೇ ಸೀಳಿ ಕಡುಬಿನ ಮೇಲೆ ಅಡ್ಡ, ಉದ್ದ, ಎರಡು ಕರ್ಣ ಹೀಗೆ ನಾಲ್ಕು ಎಳೆ ಹರಡುತ್ತಾರೆ. ಮೇಲೊಂದು ತಟ್ಟೆ ಮುಚ್ಚಿ ಇಡೀ ಕಡುಬನ್ನು ಮಗುಚುತ್ತಾರೆ. ಈಗ ದಾರ ಕೆಳಗಿರುತ್ತದೆ. ಒಂದೊಂದು ದಾರದ ಎರಡು ತುದಿ ಹಿಡಿದು ಮೇಲಕ್ಕೆ ಎಳೆದರೆ ಎಂಟು ತುಂಡು, ಪ್ರತಿ ತುಂಡಿನಲ್ಲೂ ಹಸಿರು ಅಂಚು, ಹಳದಿ ಬೇಳೆ.

ಕೊನೆಯ ದಿನ

ತಿಂಗಳಿಗೆ 29ನೇ ದಿನವೇ ಕೊನೆಯಾದರೂ ಆ ದಿನವನ್ನು ಮೂವತ್ತು ಅಂತಲೇ ಕರೆಯುವುದು ರೂಢಿ. ಉತ್ತರದ ಮನೆಗಳಲ್ಲಿ ಅವತ್ತು ಮಧ್ಯಾಹ್ನ ಒಂದು ಘಮ ಬರುತ್ತದೆ. ಬೀಜ ಕಟ್ಟಿದ ಬಲಿತ ಕೊತ್ತಂಬರಿ ಗಿಡವನ್ನು ಬೇರು ಸಮೇತ ನೀರಿನಲ್ಲಿ ಕುದಿಸಿ, ಆ ನೀರಿನಲ್ಲಿ ಮನೆಯವರೆಲ್ಲಾ ಸ್ನಾನ ಮಾಡುತ್ತಾರೆ. ನಮ್ಮ ಯುಗಾದಿಯ ಎಣ್ಣೆಸ್ನಾನದ ಹಾಗೆ, ಹಳೆಯ ವರ್ಷವನ್ನು ಮೈಯಿಂದ ತೊಳೆಯುವುದು. ನಿಮಗೂ ಒಂದು ಬಕೆಟ್ ಕೊಡುತ್ತಾರೆ, ಬೇಡ ಅನ್ನಬೇಡಿ.

ಸಂಜೆ ಹಿರಿಯರಿಗೆ ಎಡೆ ಇಟ್ಟು ಒಳಗೆ ಕರೆದುಕೊಳ್ಳುತ್ತಾರೆ. ಊದುಬತ್ತಿ ಉರಿದು ಮುಗಿಯುವವರೆಗೆ ಯಾರೂ ಊಟಕ್ಕೆ ಕೂರುವುದಿಲ್ಲ. ಮೊದಲು ಅವರು ಉಣ್ಣಬೇಕು. ಊದುಬತ್ತಿ ನಿಮ್ಮ ಕೈಗೂ ಕೊಟ್ಟರೆ ಒಂದು ಅಥವಾ ಮೂರು ಹಚ್ಚಿ, ಎರಡು ಬೇಡ. ಜ್ವಾಲೆಯನ್ನು ಬಾಯಿಂದ ಊದಿ ಆರಿಸಬಾರದು, ಕೈ ಬೀಸಿ ಆರಿಸಿ. ಇದು ನಮ್ಮ ಅಜ್ಜಿಯರೂ ಹೇಳುವುದೇ. ಪೀಠದ ಫೋಟೋ ತೆಗೆಯುವ ಮೊದಲು ಕೇಳಿ.

ನಡುರಾತ್ರಿ ಹನ್ನೆರಡಕ್ಕೆ ಅಂಗಳದಲ್ಲೋ ಮಹಡಿಯಲ್ಲೋ ಇನ್ನೊಂದು ಎಡೆ. ಹಳೆಯ ವರ್ಷವನ್ನು ನೋಡಿಕೊಂಡ ದೇವರು ಕೆಲಸ ಒಪ್ಪಿಸಿ ಹೋಗುವ, ಹೊಸಬರು ಬರುವ ಹೊತ್ತು ಅದು. ಬೇಯಿಸಿದ ಇಡೀ ಹುಂಜದ ಕೊಕ್ಕಿನಲ್ಲಿ ಕೆಂಪು ಗುಲಾಬಿ ಸಿಕ್ಕಿಸಿಟ್ಟಿರುತ್ತಾರೆ. ಮನೆಯಲ್ಲಿ ಪಟಾಕಿ ಹೊಡೆಯುವ ಹಾಗಿಲ್ಲ, 1995ರ ಜನವರಿ 1ರಿಂದ ನಿಷೇಧ ಇದೆ. ನಗರದ ಬಾಣಬಿರುಸನ್ನು ಸರ್ಕಾರವೇ ಏರ್ಪಾಡು ಮಾಡುತ್ತದೆ. ನಮ್ಮೂರಿನಿಂದ ಪಟಾಕಿ ಪೊಟ್ಟಣ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ.

ನಡುರಾತ್ರಿಯ ನಂತರ ಕೆಲವರು ದೇವಸ್ಥಾನಕ್ಕೆ ಹೋಗಿ ಬರುತ್ತಾರೆ. ಬೀದಿಯಲ್ಲಿ ಉಪ್ಪು ಮಾರುವವರು ಆಗಲೇ ಓಡಾಡುತ್ತಿರುತ್ತಾರೆ. ವರ್ಷದ ಮೊದಲಿಗೆ ಉಪ್ಪು ಕೊಳ್ಳು, ವರ್ಷದ ಕೊನೆಗೆ ಸುಣ್ಣ ಕೊಳ್ಳು ಅನ್ನುವುದು ಅವರ ಗಾದೆ. ಸಂಬಂಧಗಳಲ್ಲಿ ಉಪ್ಪಿನ ರುಚಿ ಉಳಿಯಲಿ ಅಂತ ಪುಟ್ಟ ಕೆಂಪು ಚೀಲದಲ್ಲಿ ಒಂದು ಹಿಡಿ ಉಪ್ಪು. ಅದನ್ನು ಕೊಂಡು ಅತಿಥಿಯಾಗಿ ಹೋಗುವ ಮನೆಗೆ ಕೊಟ್ಟರೆ ತುಂಬಾ ಸಂತೋಷಪಡುತ್ತಾರೆ.

ಮೊದಲ ಹೆಜ್ಜೆ

ಇದೇ ನಾನು ಮೊದಲ ವರ್ಷ ತಪ್ಪಿದ್ದು. ನಡುರಾತ್ರಿಯ ನಂತರ ಹೊಸ್ತಿಲು ದಾಟಿ ಬರುವ ಮೊದಲ ವ್ಯಕ್ತಿಯ ಗುಣ, ಅದೃಷ್ಟ ಇಡೀ ವರ್ಷ ಆ ಮನೆಗೆ ಅಂಟುತ್ತದೆ ಅನ್ನುತ್ತಾರೆ. ಇದಕ್ಕೆ ಸೋಂಗ್ ದಾತ್ ಅಂತ ಹೆಸರು. ಮನೆಯ ಯಜಮಾನರ ಹುಟ್ಟಿದ ವರ್ಷಕ್ಕೆ ಹೊಂದುವ ವರ್ಷದಲ್ಲಿ ಹುಟ್ಟಿದವರು, ಹಸನ್ಮುಖಿಗಳು, ಸಂಸಾರ ಚೆನ್ನಾಗಿರುವವರು ಬೇಕು. ಹಾಗಾಗಿ ಕರೆಯದೇ ಮೊದಲ ದಿನ ಬೆಳಿಗ್ಗೆ ಯಾರ ಮನೆಗೂ ಹೋಗಬೇಡಿ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಸೂತಕದಲ್ಲಿದ್ದರೆ, ಕರೆದರೂ ಹೇಳಿ ತಪ್ಪಿಸಿಕೊಳ್ಳಿ. ಅವರು ಅದನ್ನು ಗೌರವ ಅಂತಲೇ ತಿಳಿಯುತ್ತಾರೆ.

ನಿಮ್ಮನ್ನೇ ಮೊದಲ ಹೆಜ್ಜೆಗೆ ಕರೆದರೆ ದೊಡ್ಡ ಪ್ರೀತಿ ಅಂತ ತಿಳಿಯಿರಿ. ಹೇಳಿದ ಸಮಯಕ್ಕೆ ಸರಿಯಾಗಿ ಹೋಗಿ. ನಗುತ್ತಾ ಒಳಗೆ ಕಾಲಿಡಿ, ಜೋರಾಗಿ ಶುಭ ಹೇಳಿ, ಮಕ್ಕಳಿಗೆ ಕೆಂಪು ಲಕೋಟೆ ಕೊಡಿ. ಐದು ಹತ್ತು ನಿಮಿಷ ಕೂತು ಚಹಾ ಕುಡಿದು ಬಂದರೆ ಸಾಕು.

ಯಾರ ಮನೆಗೆ ಯಾವತ್ತು ಅನ್ನುವುದಕ್ಕೂ ಕ್ರಮ ಇದೆ: ಮೊದಲ ದಿನ ಅಪ್ಪನ ಕಡೆ, ಎರಡನೇ ದಿನ ಅಮ್ಮನ ಕಡೆ, ಮೂರನೇ ದಿನ ಗುರುಗಳ ಮನೆ. ಗುರುಗಳಿಗೆ ಅಂತ ಹಬ್ಬದ ಒಂದು ಇಡೀ ದಿನ ತೆಗೆದಿಡುವುದು ನೋಡಿ ನನಗೆ ನನ್ನ ಹೈಸ್ಕೂಲಿನ ಮೇಷ್ಟ್ರಿಗೆ ಫೋನ್ ಮಾಡದೆ ಎಷ್ಟು ವರ್ಷ ಆಯಿತು ಅಂತ ನೆನಪಾಗಿ, ಅಲ್ಲಿಂದಲೇ ಫೋನ್ ಮಾಡಿದೆ. ಮನೆಯವರಲ್ಲದ ಗೆಳೆಯರು ಸಾಮಾನ್ಯವಾಗಿ ಎರಡನೇ ದಿನದ ನಂತರ ಹೋಗುವುದು ಒಳ್ಳೆಯದು.

ಮನೆಯೊಳಗೆ ಹೋದ ಮೇಲೆ

ಚಪ್ಪಲಿ ಹೊರಗೆ. ಬಟ್ಟೆ ಕೆಂಪು, ಹಳದಿ, ಗುಲಾಬಿ, ಯಾವುದಾದರೂ ಸರಿ. ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ಬೇಡ, ಅದು ಸಾವಿನ ಮನೆಯ ಬಣ್ಣ. ರೇಷ್ಮೆ ಸೀರೆ ಉಟ್ಟು ಹೋದರೆ ಮನೆಯ ಹೆಂಗಸರೆಲ್ಲಾ ಸುತ್ತ ಸೇರುತ್ತಾರೆ.

"ಚೂಕ್ ಮುಂಗ್ ನಮ್ ಮೊಯ್" ಅಂದರೆ ಹೊಸ ವರ್ಷದ ಶುಭಾಶಯ. ಇಷ್ಟು ಬಂದರೂ ಸಾಕು. ಆದರೆ ನಿಜವಾಗಿ ಮನಸ್ಸಿಗೆ ಹತ್ತುವುದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದಾಗ. ಅಜ್ಜ ಅಜ್ಜಿಗೆ ನೂರು ವರ್ಷ ಬಾಳಿ ಅಂತ, ಮಕ್ಕಳಿಗೆ ಚೆನ್ನಾಗಿ ಉಂಡು ಬೇಗ ಬೆಳೆಯಿರಿ ಅಂತ, ವ್ಯಾಪಾರ ಮಾಡುವವರಿಗೆ ಕೈ ತುಂಬಲಿ ಅಂತ. ಅವರಲ್ಲಿ "ನೀನು", "ನಾನು" ಅನ್ನುವ ಜಾಗದಲ್ಲಿ ಸಂಬಂಧದ ಹೆಸರೇ ಬರುತ್ತದೆ. ನಮ್ಮ ದೊಡ್ಡಪ್ಪ, ಚಿಕ್ಕಪ್ಪನ ಹಾಗೆ ಅಪ್ಪನ ಅಣ್ಣನಿಗೆ ಬಾಕ್, ಅಪ್ಪನ ತಮ್ಮನಿಗೆ ಚೂ. ಅಜ್ಜನಿಗೆ ಓಂಗ್, ಅಜ್ಜಿಗೆ ಬಾ. ಯಾರನ್ನು ಏನಂತ ಕರೆಯಬೇಕು ಅಂತ ಬಾಗಿಲಲ್ಲೇ ಗೆಳೆಯರನ್ನು ಕೇಳಿಕೊಳ್ಳಿ.

ಕೆಂಪು ಲಕೋಟೆಗೆ ದಕ್ಷಿಣದಲ್ಲಿ ಲೀ ಸೀ ಅನ್ನುತ್ತಾರೆ. ಉತ್ತರದಲ್ಲಿ ಅದಕ್ಕಿರುವ ಮಾತಿನ ಅರ್ಥ "ವಯಸ್ಸಿಗೆ ಶುಭ ಕೋರುವುದು", ಯಾಕೆಂದರೆ ಹಳೆಯ ಲೆಕ್ಕದಲ್ಲಿ ತೆತ್ ದಿನ ಎಲ್ಲರಿಗೂ ಒಟ್ಟಿಗೇ ಒಂದು ವರ್ಷ ತುಂಬುತ್ತದೆ. ನೋಟು ಗರಿಗರಿ ಹೊಸದಾಗಿರಬೇಕು. ಮೊತ್ತ ದೊಡ್ಡದಿರಬೇಕಾಗಿಲ್ಲ. ಪಕ್ಕದ ಮನೆಯ ಮಕ್ಕಳಿಗೆ 20,000 ಅಥವಾ 50,000 ಡಾಂಗ್, ಹತ್ತಿರದವರಿಗೆ 1,00,000 ಡಾಂಗ್ ಸಾಕು. ಎರಡೂ ಕೈಯಿಂದ ಕೊಡಿ, ಎರಡೂ ಕೈಯಿಂದ ತೆಗೆದುಕೊಳ್ಳಿ. ಕೊಟ್ಟವರ ಎದುರು ತೆರೆಯಬಾರದು. ಮನೆಯ ಅಜ್ಜ ಅಜ್ಜಿಗೂ ಒಂದು ಲಕೋಟೆ ಇಟ್ಟುಕೊಂಡಿರಿ. ನಾನು ಮಕ್ಕಳ ಲಕೋಟೆಯಲ್ಲಿ ಒಂದು ಹೊಸ ಹತ್ತು ರೂಪಾಯಿ ನೋಟನ್ನೂ ಸೇರಿಸುತ್ತಿದ್ದೆ. ಅದರ ಮೇಲಿನ ಕನ್ನಡದ ಸಾಲು ಯಾವುದು ಅಂತ ಹುಡುಕಿಸುವುದು ನಮ್ಮ ಆಟವಾಗಿತ್ತು.

ಉಡುಗೊರೆಗೆ ಹಣ್ಣು, ಚಹಾ, ಬಿಸ್ಕತ್ತು, ಸಿಹಿ ಚೆನ್ನ. ಮೈಸೂರಿನ ಊದುಬತ್ತಿ ನಾನು ಕೊಟ್ಟ ಉಡುಗೊರೆಗಳಲ್ಲೆಲ್ಲಾ ಅಜ್ಜಿಗೆ ಹೆಚ್ಚು ಹಿಡಿಸಿದ್ದು. ನಮ್ಮ ಊದುಬತ್ತಿ ಕಾರ್ಖಾನೆಗಳಿಗೆ ಬಿದಿರಿನ ಕಡ್ಡಿ ಎಷ್ಟೋ ವರ್ಷ ವಿಯೆಟ್ನಾಂನಿಂದಲೇ ಬರುತ್ತಿತ್ತು ಅಂತ ಹೇಳಿದಾಗ, "ಹಾಗಾದರೆ ನಮ್ಮ ಮಗಳು ತವರಿಗೆ ಬಂದ ಹಾಗಾಯಿತು" ಅಂದರು. ಚಾಕು, ಕತ್ತರಿ, ಗಡಿಯಾರ, ಕರವಸ್ತ್ರ ಕೊಡಬೇಡಿ.

ಊಟಕ್ಕೆ ಕೂತ ಮೇಲೆ ಚಿಕ್ಕವರು ದೊಡ್ಡವರನ್ನು ಒಬ್ಬೊಬ್ಬರನ್ನಾಗಿ "ಊಟ ಮಾಡಿ" ಅಂತ ಕರೆದೇ ತಿನ್ನಲು ಶುರು ಮಾಡುವುದು. ಚಾಪ್‌ಸ್ಟಿಕ್ ಅನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಇಡುವ ರೀತಿ. ದಕ್ಷಿಣದಲ್ಲಿ ಹಾಗಲಕಾಯಿ ಸಾರು ಖಂಡಿತ ಇರುತ್ತದೆ. ಅದರ ಹೆಸರಿನಲ್ಲೇ "ಕಷ್ಟ ಕಳೆಯಿತು" ಅನ್ನುವ ಅರ್ಥ ಕೇಳಿಸುತ್ತದೆ. ಬೇವು ಬೆಲ್ಲ ತಿಂದು ಬೆಳೆದ ನಮಗೆ ಆ ಕಹಿಯ ಬಗ್ಗೆ ಯಾರೂ ವಿವರಿಸಬೇಕಾಗಿಲ್ಲ.

ಮಾಂಸ ತಿನ್ನದವರು ಹೋಗುವ ಮೊದಲೇ ಹೇಳಿಬಿಡಿ. "ಅನ್ ಚೈ" ಅಂದರೆ ಬೌದ್ಧ ಪದ್ಧತಿಯ ಸಸ್ಯಾಹಾರ, ಎಲ್ಲರಿಗೂ ಗೊತ್ತು. ಮೊದಲ ದಿನ ಹಾಗೆ ಉಣ್ಣುವ ಮನೆಗಳೇ ಬೇಕಾದಷ್ಟಿವೆ. ಆದರೆ ಸುಮ್ನೆ "ಮಾಂಸ ಬೇಡ" ಅಂದರೆ ಸಾಲದು, ನೂಕ್ ಮಾಮ್ ಅನ್ನುವ ಮೀನಿನ ಸಾಸ್ ತರಕಾರಿಗೂ ಬೀಳುತ್ತದೆ. ಕೆಂಪು ಅಂಟಕ್ಕಿ ಅನ್ನ, ಉಪ್ಪಿನಕಾಯಿ ಹಾಕಿದ ಪುಟ್ಟ ಈರುಳ್ಳಿ, ಶುಂಠಿ ಮತ್ತು ತೆಂಗಿನಕಾಯಿಯ ಸಕ್ಕರೆ ಪಾಕದ ತುಂಡು, ಕಲ್ಲಂಗಡಿ ಬೀಜ, ಇವಿಷ್ಟರಲ್ಲೇ ನಾನು ಮೂರು ಹಬ್ಬ ಹೊಟ್ಟೆ ತುಂಬಿಸಿಕೊಂಡಿದ್ದೇನೆ.

ಪೊರಕೆ ಮುಟ್ಟಬೇಡಿ

ಆ ಕಲ್ಲಂಗಡಿ ಬೀಜದ ಸಿಪ್ಪೆ ನೆಲದ ತುಂಬಾ ಬಿದ್ದಿರುತ್ತದೆ. ಗುಡಿಸಿಕೊಡೋಣ ಅಂತ ಕೈ ಹೋಗುತ್ತದೆ. ಬೇಡ. ಮೂರು ದಿನ ಕಸ ಹೊರಗೆ ಹಾಕುವಂತಿಲ್ಲ. ಹಿಂದೆ ಒಬ್ಬ ವ್ಯಾಪಾರಿಗೆ ನೀರಿನ ದೇವರು ಒಬ್ಬ ಕೆಲಸದ ಹುಡುಗಿಯನ್ನು ಕೊಟ್ಟನಂತೆ. ಅವಳು ಬಂದ ಮೇಲೆ ಅವನು ಶ್ರೀಮಂತನಾದ. ಒಂದು ತೆತ್ ದಿನ ಸಿಟ್ಟಿನಲ್ಲಿ ಅವಳಿಗೆ ಹೊಡೆದ. ಅವಳು ಕಸದ ರಾಶಿಯೊಳಗೆ ಹೋಗಿ ಮಾಯವಾದಳು. ಗೊತ್ತಿಲ್ಲದೆ ಕಸ ಹೊರಗೆಸೆದರು, ಅವನ ಮನೆ ಮತ್ತೆ ಬಡವಾಯಿತು. ಕಸದ ಜೊತೆ ಲಕ್ಷ್ಮಿ ಹೋದಳು ಅನ್ನುವುದು ನಮಗೂ ಅರ್ಥವಾಗುವ ಮಾತೇ.

ಹಾಗೆಯೇ ಆ ದಿನಗಳಲ್ಲಿ ಬೆಂಕಿ, ನೀರು ಕೇಳಿ ಪಡೆಯಬೇಡಿ. ಬೀಡಿ, ಸಿಗರೇಟಿಗೆ ಬೆಂಕಿ ಕೇಳುವುದೂ ಬೇಡ. ಸಾಲ ಕೇಳುವುದು, ಕೊಟ್ಟ ಸಾಲ ನೆನಪಿಸುವುದು ಬೇಡ. ಲೋಟ ಒಡೆಯದ ಹಾಗೆ ನೋಡಿಕೊಳ್ಳಿ. ಕಾಯಿಲೆ, ಸಾವು, ಕೆಲಸ ಹೋದದ್ದು, ಇವುಗಳ ಮಾತನ್ನು ವಾರದ ನಂತರಕ್ಕೆ ಇಟ್ಟುಕೊಳ್ಳಿ.

ಹಿರಿಯರನ್ನು ಕಳಿಸಿಕೊಡುವುದು

ಮೂರನೇ ದಿನ, ಕೆಲವು ಮನೆಗಳಲ್ಲಿ ನಾಲ್ಕನೇ ದಿನ, ಹಿರಿಯರು ಹೊರಡುತ್ತಾರೆ. ಮತ್ತೊಮ್ಮೆ ಎಡೆ ಇಟ್ಟು, ಕಾಗದದ ಚಿನ್ನ, ಕಾಗದದ ಬಟ್ಟೆಗಳನ್ನು ಅಂಗಳದಲ್ಲಿ ಸುಟ್ಟು, ಬೂದಿಯ ಮೇಲೆ ಒಂದು ಲೋಟ ಅಕ್ಕಿಯ ಮದ್ಯ ಸುರಿಯುತ್ತಾರೆ. ಹಬ್ಬದುದ್ದಕ್ಕೂ ಪೀಠದ ಎರಡು ಬದಿಗೆ ಎಲೆ ಸಮೇತ ಎರಡು ಕಬ್ಬಿನ ಜಲ್ಲೆ ನಿಲ್ಲಿಸಿರುತ್ತಾರೆ. ಅದು ಯಾಕೆ ಅಂತ ಅವತ್ತು ಗೊತ್ತಾಗುತ್ತದೆ. ಮಕ್ಕಳು ಮೊಮ್ಮಕ್ಕಳು ಕೊಟ್ಟದ್ದನ್ನೆಲ್ಲಾ ಗಂಟು ಕಟ್ಟಿ ಹೊತ್ತುಕೊಂಡು ಹೋಗಲು ಅವರಿಗೆ ಅಡ್ಡೆ ಬೇಕಲ್ಲ, ಆ ಕಬ್ಬೇ ಅಡ್ಡೆ. ದಾರಿಯಲ್ಲಿ ಊರಲು ಕೋಲೂ ಅದೇ. ಅಜ್ಜಿ ಕಬ್ಬನ್ನು ಬೆಂಕಿಯ ಮೇಲೆ ಒಂದು ಸಲ ಆಡಿಸಿ, ತೀರಿಹೋದ ಗಂಡನ ಹೆಸರು ಹಿಡಿದು ಏನೋ ಹೇಳಿದರು. ಏನಂದಿರಿ ಅಂತ ಕೇಳಿದೆ. "ಮೆಲ್ಲಗೆ ಹೋಗಿ, ಮಂಡಿ ನೋವಿದೆ ಅಂದೆ" ಅಂದರು.

ಈ ಹೊತ್ತಿಗೆ ನೀವು ಅಲ್ಲಿದ್ದರೆ ಮಾತಾಡದೆ ಪಕ್ಕದಲ್ಲಿ ನಿಂತುಕೊಳ್ಳಿ. ಕಬ್ಬನ್ನು ಆಮೇಲೆ ಮಕ್ಕಳಿಗೆ ಹಂಚುತ್ತಾರೆ.

ಏಳನೇ ದಿನ ಹಬ್ಬ ಮುಗಿಯಿತು ಅಂತ ಲೆಕ್ಕ. ಮೊದಲ ಹುಣ್ಣಿಮೆಗೆ ಇನ್ನೊಂದು ದೊಡ್ಡ ಪೂಜೆ ಇರುತ್ತದೆ. ಅಷ್ಟರಲ್ಲಿ ಫ್ರಿಜ್ಜಿನಲ್ಲಿ ಉಳಿದ ಬಾನ್ ಚುಂಗ್ ಗಟ್ಟಿಯಾಗಿ ಹೋಗಿರುತ್ತದೆ. ಎಸೆಯಬೇಡಿ. ತುಂಡು ಮಾಡಿ ಬಾಣಲೆಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಮೆತ್ತಗಾಗಲು ಬಿಡಿ. ಸಟ್ಟುಗದಿಂದ ಒತ್ತಿ ಅಗಲ ಮಾಡಿ. ನೀರು ಆರಿದ ಮೇಲೆ ಎಣ್ಣೆ ಬಿಟ್ಟು, ತಳ ಕೆಂಪಾಗಿ ಗರಿಯಾಗುವವರೆಗೆ ಕಾಯಿಸಿ, ಒಂದೇ ಸಲ ಮಗುಚಿ. ಮಾವಿನಕಾಯಿ ಉಪ್ಪಿನಕಾಯಿ ಜೊತೆಗೂ ಚೆನ್ನಾಗಿರುತ್ತದೆ. ಅಜ್ಜಿಗೆ ನಾನು ಅದನ್ನು ತಿನ್ನಿಸಿದ್ದೇನೆ, ಎರಡನೇ ಸಲ ಹಾಕಿಸಿಕೊಂಡರು.